ತೊಗರಿ ಬಿಲ್ಲುಗಳನ್ನು ಮೈಸೀಕ್ವೆಲ್‌ನಿಂದ ಹೈವ್‌ಗೆ ತಂದ ನನ್ನ ಅನುಭವ

ಕಲಬುರಗಿಯ ದಾಲ್‌ಮಿಲ್ ಬಳಗವೊಂದರ ಮೈಸೀಕ್ವೆಲ್ ಡೇಟಾಬೇಸಿನಲ್ಲಿದ್ದ ಖರೀದಿ ಲೆಕ್ಕವನ್ನು, ದತ್ತಾಂಶ ಸಾಗಿಸುವ ಸ್ಕೂಪ್ ಎಂಬ ಸಾಧನದ ಮೂಲಕವೇ, ಭಾರೀ ದತ್ತಾಂಶವನ್ನು ಹಲವು ಸರ್ವರ್‌ಗಳಲ್ಲಿಟ್ಟು ಜಾಲಾಡಬಲ್ಲ ಹೈವ್‌ಗೆ ತರುತ್ತೇನೆ ಎಂದಾಗ, 2021ರಲ್ಲೇ ಅಪಾಚೆ ಸಂಸ್ಥೆ ಕೈಬಿಟ್ಟ ಸಾಧನವನ್ನು ನೆಚ್ಚಿ ಕೆಡುತ್ತೀರಿ ಎಂದವರೇ ಹೆಚ್ಚು. ಅವರು ಸೂಚಿಸಿದ ತಂತ್ರಾಂಶದ ಲೈಸೆನ್ಸಿಗೆ ವರ್ಷಕ್ಕೆ ಏಳೆಂಟು ಲಕ್ಷ ಬೇಕಿತ್ತು. ನನ್ನ ಮೂರು ಹಳೆಯ ಸರ್ವರ್, ಡಿಸ್ಕ್, ಯುಪಿಎಸ್ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸಿನಲ್ಲಿ ಮುಗಿದವು.

ಹೆಚ್ಚು ಕಾಡಿದ್ದು ಸ್ಪ್ಲಿಟ್-ಬೈ, ಅಂದರೆ ಯಾವ ಕಾಲಮ್ಮಿನ ಮೇಲೆ ಕೆಲಸವನ್ನು ಪಾಲು ಮಾಡಬೇಕೆಂದು ಸ್ಕೂಪ್‌ಗೆ ಹೇಳುವ ಆಯ್ಕೆ. ಕಲಬುರಗಿ, ಬೀದರ್, ಯಾದಗಿರಿ ಶಾಖೆಗಳ ಸಾಲುಸಂಖ್ಯೆಗಳು ಕ್ರಮವಾಗಿ ಒಂದು, ಐದು, ಒಂಬತ್ತು ಕೋಟಿಯಿಂದ ಆರಂಭವಾಗುತ್ತಿದ್ದವು. ಸ್ಕೂಪ್ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳ ನಡುವಿನ ಅಂತರವನ್ನು ಸಮನಾಗಿ ಹಂಚುವುದರಿಂದ, ಏಕಕಾಲಕ್ಕೆ ಸಾಲುಗಳನ್ನು ಎಳೆಯುವ ಎಂಟು ಮ್ಯಾಪರ್‌ಗಳಲ್ಲಿ ಅರ್ಧ ಬರಿಗೈಯಲ್ಲಿ ಕೂತರೆ, ಕಲಬುರಗಿಯ ಸಾಲುಗಳೆಲ್ಲ ಒಂದರ ತಲೆಗೇ ಬಿದ್ದು ಅದು ಐದಾರು ಗಂಟೆ ತೆವಳುತ್ತಿತ್ತು. ಮ್ಯಾಪರ್ ಹೆಚ್ಚಿಸಿದರೆ ಮೈಸೀಕ್ವೆಲ್ ಮೇಲೆ ಹೊರೆ ಬಿದ್ದು, ಆವಕ ಜೋರಾಗಿರುವ ಜನವರಿಯಲ್ಲಿ ಕೌಂಟರಿನ ಬಿಲ್ಲಿಂಗೇ ನಿಲ್ಲುತ್ತಿತ್ತು. ಕೊನೆಗೆ ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷದ ಮೇಲೆ ಹಂಚಿ, ಕನಿಷ್ಠ-ಗರಿಷ್ಠವನ್ನು ನಾವೇ ಹೇಳುವ ಬೌಂಡರಿ ಕ್ವೆರಿಯಲ್ಲಿ 0 ಮತ್ತು 7 ಎಂದು ಕೊಟ್ಟೆ. ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಪ್ರತಿ ಮ್ಯಾಪರ್ ಇಡೀ ಟೇಬಲನ್ನು ತಡಕಾಡದಂತೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ, ಅದು ನನ್ನ ಹೊಟ್ಟೆಪಾಡು.

ಆಮೇಲೆ ಮುನೀಮರು ತಮ್ಮ ರೋಜುಮೇಳ ಮುಂದಿಟ್ಟು, “ಪೈಸಾ ಕೂಡವಲ್ದು ನೋಡ್ರಿ” ಎಂದರು. ಪೈಸೆಯವರೆಗೆ ನಿಖರವಾದ ಡೆಸಿಮಲ್ ಕಾಲಮ್‌ಗಳನ್ನು ಸ್ಕೂಪ್ ತಾನಾಗಿಯೇ ಹೈವ್‌ನಲ್ಲಿ ಡಬಲ್, ಅಂದರೆ ಅಂದಾಜು ಬೆಲೆ ಹಿಡಿಯುವ ವಿಧ, ಮಾಡುತ್ತದೆ. ಮೊತ್ತ ಹಿಡಿಯುವ ಕಾಲಮ್‌ಗಳಿಗೆಲ್ಲ, ಅವುಗಳ ವಿಧವನ್ನು ನಾವೇ ಗೊತ್ತುಮಾಡುವ ಮ್ಯಾಪ್-ಕಾಲಮ್-ಹೈವ್ ಆಯ್ಕೆಯನ್ನು ಬರೆದ ಮೇಲೆಯೇ ಲೆಕ್ಕ ಕೂಡಿತು. ಷರಾ ಕಾಲಮ್ಮಿನಲ್ಲಿ ಗುಮಾಸ್ತರು ಎಂಟರ್ ಒತ್ತಿ ಬರೆದ “ತೇವ ಜಾಸ್ತಿ, ಎರಡು ಚೀಲ ವಾಪಸ್” ಎಂಬಂಥ ಮಾತುಗಳು ಒಂದೊಂದು ಸಾಲನ್ನು ಎರಡಾಗಿ ಒಡೆಯುತ್ತಿದ್ದವು. ಅದಕ್ಕೆ ಇಂಥ ಸಾಲುಮುರಿತಗಳನ್ನು ತೆಗೆದುಹಾಕುವ ಡ್ರಾಪ್-ಡಿಲಿಮ್ಸ್ ಆಯ್ಕೆ ಸಾಕಾಯಿತು.

ನಡುವೆ ಸ್ಕೂಪ್ ಬದಲಿಗೆ ಸ್ಪಾರ್ಕ್ ಜೆಡಿಬಿಸಿಯನ್ನೂ, ಅಂದರೆ ಸ್ಪಾರ್ಕ್ ತಂತ್ರಾಂಶ ಡೇಟಾಬೇಸನ್ನು ನೇರವಾಗಿ ಓದುವ ಬಗೆಯನ್ನೂ, ಪರೀಕ್ಷಿಸಿದೆ. ಪಾರ್ಟಿಷನ್ ಕಾಲಮ್ ಕೊಡದಿದ್ದರೆ ಅದು ಒಂದೇ ಕನೆಕ್ಷನ್ನಿನಲ್ಲಿ ಎಲ್ಲವನ್ನೂ ಎಳೆಯುತ್ತದೆ, ಕೊಟ್ಟರೆ ಅಂತರವನ್ನು ಅದೇ ರೀತಿ ಹಂಚುತ್ತದೆ. ಹೊಸದೆಂಬ ಹೆಗ್ಗಳಿಕೆ ಬಿಟ್ಟರೆ ನಮಗೆ ಬೇರೆ ಲಾಭ ಕಾಣಲಿಲ್ಲ. ದತ್ತಾಂಶವನ್ನು ಕುಗ್ಗಿಸಿಡುವ ಒಆರ್‌ಸಿ ಎಂಬ ಕಡತ ರೂಪಕ್ಕೆ ಬದಲಿಸಿದ್ದು ಮಾತ್ರ ಸಾರ್ಥಕವಾಯಿತು: ನೂರೈವತ್ತು ಜಿಬಿಯಷ್ಟಿದ್ದ ದತ್ತಾಂಶ ಇಪ್ಪತ್ತರ ಹತ್ತಿರಕ್ಕೆ ಬಂತು.

ಕೊನೆಯ ಸಲದ ನಂತರ ಬದಲಾದ ಸಾಲುಗಳನ್ನಷ್ಟೇ ತರುವ ಸ್ಕೂಪ್‌ನ ಲಾಸ್ಟ್‌ಮಾಡಿಫೈಡ್ ಕ್ರಮಕ್ಕೆ ಅಳಿಸಿದ ಬಿಲ್ಲುಗಳು ಕಾಣುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ, ರವಿವಾರ ರಾತ್ರಿ, ಮೈಸೀಕ್ವೆಲ್‌ನಿಂದ ಬರೀ ಸಾಲುಸಂಖ್ಯೆಗಳ ಪಟ್ಟಿಯನ್ನು ತಂದು ಹೈವ್‌ನೊಂದಿಗೆ ತಾಳೆ ನೋಡಿ, ಆ ಪಟ್ಟಿಯಲ್ಲಿ ಇಲ್ಲದವನ್ನು ಹೈವ್‌ನಿಂದ ತೆಗೆಯುತ್ತೇನೆ. ಇದಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ.