ಸೆಪ್ಟೆಂಬರ್ ಕಾಫಿ ಮಾರ್ನಿಂಗ್ ಮಾಡುವವರಿಗೆ

ಯುಕೆಯಲ್ಲಿರುವ ಕನ್ನಡದ ಗೆಳೆಯರೇ, ಕ್ಯಾನ್ಸರ್ ಇರುವವರಿಗೆ ನೆರವಾಗುವ ಮ್ಯಾಕ್‌ಮಿಲನ್ ಕ್ಯಾನ್ಸರ್ ಸಪೋರ್ಟ್ ಸಂಸ್ಥೆಯವರ ಕಾಫಿ ಮಾರ್ನಿಂಗ್, ಅಂದರೆ ಜನರನ್ನು ಕಾಫಿ ತಿಂಡಿಗೆ ಕರೆದು ಸಂಸ್ಥೆಗೆ ದೇಣಿಗೆ ಕೂಡಿಸುವ ಕಾರ್ಯಕ್ರಮ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಶುಕ್ರವಾರ ಇರುತ್ತದೆ. 1990ರಿಂದ ನಡೆದುಕೊಂಡು ಬಂದಿದೆ. ಶುಕ್ರವಾರ ಆಫೀಸು ಅನ್ನುವವರು ಭಾನುವಾರ ಮಾಡಿ, ತೊಂದರೆ ಇಲ್ಲ.

ಕಾಫಿ ಅಂದಮೇಲೆ ನಮ್ಮ ಫಿಲ್ಟರ್ ಕಾಫಿಯೇ ಇರಲಿ. ಹಿಂದಿನ ರಾತ್ರಿಯೇ ಡಿಕಾಕ್ಷನ್ ಇಳಿಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹಾಲು ಮಾತ್ರ ಕುದಿಸಿ, ಡಿಕಾಕ್ಷನ್ ಕುದಿಸಬೇಡಿ, ಕಹಿಯಾಗುತ್ತದೆ.

ಪ್ರತಿ ತಿಂಡಿಯ ಮುಂದೆ, ಅದರಲ್ಲಿ ಏನೇನು ಹಾಕಿದೆ ಅಂತ ಬರೆದ ಒಂದು ಚೀಟಿ ಇಡಿ. ಮೈಸೂರು ಪಾಕಿನಲ್ಲಿ ತುಪ್ಪ, ಬರ್ಫಿಯಲ್ಲಿ ಗೋಡಂಬಿ, ಎಳ್ಳುಂಡೆಯಲ್ಲಿ ಎಳ್ಳು, ಇಷ್ಟು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇಂಗು. ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಇಂಗು ಹಾಕಿದ ಕೋಡುಬಳೆಯನ್ನು ಅಕ್ಕಿ ಹಿಟ್ಟಿನದು ಅಂತ, ಗೋಧಿಯಲ್ಲಿರುವ ಗ್ಲುಟೆನ್ ಆಗದವರಿಗೆ ಧೈರ್ಯವಾಗಿ ಕೊಟ್ಟುಬಿಡಬೇಡಿ. ಇಂಗಿನ ಡಬ್ಬಿಯ ಲೇಬಲ್ ನೋಡಿ.

ಇನ್ನು ದುಡ್ಡಿನ ವಿಷಯ, ಇದು ಮುಖ್ಯ. ತಿಂಡಿಗೆ ಇಷ್ಟು ಅಂತ ಬೆಲೆ ಕಟ್ಟಿ ಮಾರಿದರೆ ಆ ಹಣಕ್ಕೆ ಗಿಫ್ಟ್ ಏಡ್ (ದೇಣಿಗೆಯ ಮೇಲೆ ಸರ್ಕಾರ ಸೇರಿಸಿಕೊಡುವ ತೆರಿಗೆ ಹಣ) ಸಿಗುವುದಿಲ್ಲ. ಬಂದವರು ತಾವಾಗಿಯೇ ಕೊಡುವ ದೇಣಿಗೆಗೆ ಸಿಗುತ್ತದೆ: ತೆರಿಗೆ ಕಟ್ಟುವವರು 1 ಪೌಂಡ್ ಕೊಟ್ಟರೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ. ಗಿಫ್ಟ್ ಏಡ್ ಫಾರ್ಮಿನಲ್ಲಿ ಹೆಸರಿನ ಜೊತೆ ಮನೆ ವಿಳಾಸ, ಪೋಸ್ಟ್‌ಕೋಡ್ ಅವರ ಕೈಯಲ್ಲೇ ಬರೆಸಿ. ಸುಮ್ನೆ ಡಬ್ಬಿಗೆ ಚಿಲ್ಲರೆ ಹಾಕಿಸಿಕೊಳ್ಳುವುದಕ್ಕಿಂತ ಇದರಿಂದ ಜಾಸ್ತಿ ಹಣ ಹೋಗಿ ತಲುಪುತ್ತದೆ, ಅಲ್ವಾ?

ಮೇಜಿನ ಮೇಲೆ ಮ್ಯಾಕ್‌ಮಿಲನ್‌ನವರ ಸಹಾಯವಾಣಿಯ ನಂಬರನ್ನೂ ಇಡಿ. ಇಂಗ್ಲಿಷ್ ಕಷ್ಟವಾಗುವವರಿಗೆ ದುಭಾಷಿಯ ಸಹಾಯವೂ ಉಂಟು. ಮನೆಯಲ್ಲಿ ಕಾಯಿಲೆ ಇದ್ದರೂ ಯಾರ ಹತ್ತಿರವೂ ಹೇಳಿಕೊಳ್ಳದವರು ನಮ್ಮಲ್ಲಿ ತುಂಬಾ ಇದ್ದಾರೆ. ಅಂಥವರು ಯಾರನ್ನೂ ಕೇಳದೆಯೇ ಆ ನಂಬರಿನ ಫೋಟೋ ತೆಗೆದುಕೊಂಡು ಹೋಗಲಿ.