ತಲೆಲೈಟಿನ ಬೆಳಕು ಕಮ್ಮಿ ಮಾಡಿದ ಮೇಲೆ ಟ್ಯಾಪಿಂಗ್ ಸರಿಯಾಯಿತು

ಹೋದ ಡಿಸೆಂಬರಿನಲ್ಲಿ ಒಂದು ದಿನ ಬೆಳಗಿನ ಜಾವ, ಮೂರೂವರೆ ಗಂಟೆ ಇರಬಹುದು, ನಾನು ರಬ್ಬರ್ ಟ್ಯಾಪಿಂಗ್ (ತೊಗಟೆ ಕೆತ್ತಿ ಹಾಲು ಇಳಿಸುವುದು) ಮಾಡುತ್ತಿದ್ದಾಗ ಪಕ್ಕದ ತೋಟದ ಭಾವ ಬೇಲಿಯ ಆಚೆಯಿಂದ ಕೂಗಿದರು. “ಎಂತ ಭಾವ, ಬ್ಯಾಟರಿ ಮುಗಿಯಿತಾ? ನನ್ನ ಹತ್ತಿರ ಇನ್ನೊಂದು ಲೈಟು ಉಂಟು, ಕೊಡ್ಲಾ?”

ಬ್ಯಾಟರಿ ಮುಗಿದಿರಲಿಲ್ಲ. ನನ್ನ ತಲೆಲೈಟು ಇರುವುದೇ ಹಾಗೆ. ಹಳದಿ ಬೆಳಕು, ಮಂದ. ಹತ್ತು ಹನ್ನೆರಡು ಹೆಜ್ಜೆಯ ಆಚೆ ಏನೂ ಕಾಣುವುದಿಲ್ಲ. ಭಾವನ ಲೈಟು ಆಗ ಎದುರು ಗುಡ್ಡದ ಮರದ ತುದಿಗೆ ಬೀಳುತ್ತಿತ್ತು. ಈಗ ಅದೇ ಭಾವ ನನ್ನ ಹತ್ತಿರ ಇಂಥದ್ದೇ ಒಂದು ಮಾಡಿಸಿಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಪೆರ್ಲದ ಹತ್ತಿರ ನಮ್ಮ ಗುಡ್ಡೆಯಲ್ಲಿ ಹೆಚ್ಚುಕಮ್ಮಿ 280 ರಬ್ಬರ್ ಮರ ಉಂಟು. ಎಲ್ಲ 105 ತಳಿ. ಟ್ಯಾಪಿಂಗಿಗೆ ಮೊದಲು ಜನ ಬರುತ್ತಿದ್ದರು. ಆರು ವರ್ಷದ ಹಿಂದೆ ಅವರು ಬಿಟ್ಟ ಮೇಲೆ ಕತ್ತಿ ನಾನೇ ಹಿಡಿದೆ. ಎರಡು ದಿನಕ್ಕೊಮ್ಮೆ, ಮೂರು ಗಂಟೆಗೆ ಶುರು. ಬಿಸಿಲು ಏರಿದರೆ ಹಾಲು ಇಳಿಯುವುದು ಕಮ್ಮಿ ಅಂತ ನಿಮಗೆಲ್ಲ ಗೊತ್ತುಂಟು. ಹಗಲು ಅಡಕೆ ತೋಟದ ಕೆಲಸವೂ ಇರುತ್ತದೆ. ಹಾಗಾಗಿ ಲೈಟು ನನಗೆ ಕತ್ತಿಯಷ್ಟೇ ಮುಖ್ಯ.

ಮೊದಲನೆಯ ಲೈಟು ಪೇಟೆಯಿಂದ ತಂದದ್ದು, 350 ರೂಪಾಯಿ ಇರಬೇಕು. ಒಳಗೆ ಸೀಸದ ಬ್ಯಾಟರಿ. ತಲೆಗೆ ಕಟ್ಟಿದರೆ ಕಲ್ಲು ಹೊತ್ತ ಹಾಗೆ ಭಾರ. ಮಳೆಗಾಲದಲ್ಲಿ ಒಂದು ತಿಂಗಳು ಟ್ಯಾಪಿಂಗ್ ನಿಂತಿತ್ತು, ಚಾರ್ಜ್ ಮಾಡದೆ ಮೂಲೆಯಲ್ಲಿ ಇಟ್ಟೆ. ಸೀಸದ ಬ್ಯಾಟರಿಯನ್ನು ಖಾಲಿ ಇಟ್ಟರೆ ಅದು ಮತ್ತೆ ಏಳುವುದಿಲ್ಲ. ನಾಲ್ಕೈದು ತಿಂಗಳಿಗೆ ಅದರ ಕತೆ ಮುಗಿಯಿತು.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಜೂಮ್ ಲೈಟು. ಸಾವಿರದ ನೂರು ಕೊಟ್ಟ ನೆನಪು. ಡಬ್ಬಿಯ ಮೇಲೆ 90,000 ಲ್ಯೂಮೆನ್ (ಬೆಳಕಿನ ಅಳತೆ), ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ). ಎರಡೂ ಸುಳ್ಳು. ಅದರಲ್ಲಿದ್ದ 18650 ಸೆಲ್ ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟರೊಳಗೆ ಒಳ್ಳೆಯ ಕಂಪನಿಯವರೂ ಸಾಮಾನ್ಯವಾಗಿ 3500ರ ಆಸುಪಾಸಿನಷ್ಟೇ ತುಂಬುವುದು. ಅಳತೆ ತೋರಿಸುವ ಚಾರ್ಜರಿನಲ್ಲಿ ಹಾಕಿ ನೋಡಿದೆ, 1200 ಕೂಡ ದಾಟಲಿಲ್ಲ. 4000ಕ್ಕಿಂತ ಜಾಸ್ತಿ ಬರೆದ 18650 ಸೆಲ್ಲನ್ನು ಕೈಯಲ್ಲೂ ಹಿಡಿಯಬೇಡಿ.

ಆದರೂ ಬೆಳಕು ಜೋರಿತ್ತು. ಅದೇ ಸಮಸ್ಯೆಯಾದದ್ದು. ಊಟದ ತಟ್ಟೆಯಷ್ಟು ಅಗಲದ ಬಿಳಿ ವೃತ್ತ, ಅದರ ಹೊರಗೆ ಕಗ್ಗತ್ತಲೆ. ಮರದ ಹತ್ತಿರ ಹೋದರೆ ಒದ್ದೆ ತೊಗಟೆ ಪಳಪಳ ಹೊಳೆದು ಕಣ್ಣು ಕುಕ್ಕುತ್ತದೆ. ಹಾಲೂ ಬಿಳಿ, ಬೆಳಕೂ ಬಿಳಿ. ಚಾಲು (ತೊಗಟೆಯಲ್ಲಿ ಕತ್ತಿ ಕೆತ್ತಿದ ಗೆರೆ) ಎಷ್ಟು ಆಳ ಹೋಗಿದೆ ಅಂತ ತಿಳಿಯುವುದಿಲ್ಲ. ಬೆಳಕು ತಗ್ಗಿಸಿದರೆ ಇನ್ನೊಂದು ಕಾಟ. ಕಣ್ಣಿಗೆ ಗೊತ್ತಾಗದ ಹಾಗೆ ಲೈಟು ಪಟಪಟ ಹೊತ್ತಿ ಆರುತ್ತಿರುತ್ತದೆ. ಕತ್ತಿ ಎಳೆಯುವಾಗ ಒಂದೇ ಕತ್ತಿ ನಾಲ್ಕೈದು ತುಂಡಾಗಿ ಕಾಣುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಕಮ್ಮಿ ಬೆಳಕಿಗೆ ಇಟ್ಟು, ಅದರ ಎದುರು ಕೈಬೆರಳು ಬಿಡಿಸಿ ಬೇಗ ಬೇಗ ಆಡಿಸಿ. ಬೆರಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಆ ಲೈಟು ಬೇಡ.

ಆ ವರ್ಷ ಇಪ್ಪತ್ತು ಮರಕ್ಕಾದರೂ ಗಾಯ ಮಾಡಿದ್ದೇನೆ. ತೊಗಟೆಯ ಒಳಗೆ, ಮರಕ್ಕೆ ತಾಗಿದ ಹಾಗೆ ಇರುವ ಆ ತೆಳು ಪದರಕ್ಕೆ ಕತ್ತಿ ತಾಗಬಾರದು. ಒಂದು ಮಿಲಿಮೀಟರ್ ಬಿಡಬೇಕು. ಹಾಲಿನ ನಾಳಗಳು ಜಾಸ್ತಿ ಇರುವುದೂ ಅಲ್ಲಿಗೆ ಹತ್ತಿರವೇ. ಹೆದರಿ ಮೇಲೆ ಮೇಲೆ ಕೆತ್ತಿದರೆ ಹಾಲಿಲ್ಲ, ಧೈರ್ಯ ಮಾಡಿದರೆ ಗಾಯ. ಆ ಗಾಯಗಳು ಈಗ ಗಂಟುಗಂಟಾಗಿ ನಿಂತಿವೆ, ಮತ್ತೆ ಬೆಳೆದ ತೊಗಟೆಯಲ್ಲಿ ಕತ್ತಿ ಓಡುವುದಿಲ್ಲ. ಲೈಟಿಗೆ ಕೊಟ್ಟದ್ದಕ್ಕಿಂತ ದೊಡ್ಡ ನಷ್ಟ ಇದು. ಇವತ್ತಿಗೂ ಆ ಸಾಲಿನಲ್ಲಿ ಹೋಗುವಾಗ ಬೇಜಾರಾಗುತ್ತದೆ.

ಅದೇ ಲೈಟಿನಲ್ಲಿ ಒಂದು ರಾತ್ರಿ ಕನ್ನಡಿ ಹಾವಿನ (ಕೊಳಕುಮಂಡಲ) ಮೇಲೆ ಕಾಲಿಡುವುದರಲ್ಲಿದ್ದೆ. ವೃತ್ತ ಮುಂದಿನ ಮರದ ಮೇಲಿತ್ತು. ಕಾಲ ಬುಡ ಕತ್ತಲೆ. ಕುಕ್ಕರ್ ಕೂಗಿದ ಹಾಗೆ ಅದು ಬುಸುಗುಟ್ಟಿತು, ಅದರಿಂದ ಉಳಿದೆ. ಮರುದಿನವೇ ಆ ಲೈಟನ್ನು ಕೊಟ್ಟಿಗೆಯಲ್ಲಿ ತೂಗುಹಾಕಿದೆ.

ಮೂರನೆಯದು ಹೆಸರಿರುವ ಕಂಪನಿಯದು, 1,600 ಚಿಲ್ಲರೆ. ಹಗುರ, ಬೆಳಕು ಹರಡಿಕೊಂಡು ಬೀಳುತ್ತದೆ. ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಆದರೆ ಮೂರು ಸಣ್ಣ ಪೆನ್ಸಿಲ್ ಸೆಲ್ ಬೇಕು, ನನ್ನ ಕೆಲಸಕ್ಕೆ ಅವು ವಾರವೂ ಬರುತ್ತಿರಲಿಲ್ಲ. ತಿಂಗಳಿಗೆ ಇನ್ನೂರರ ಹತ್ತಿರ ಸೆಲ್ಲಿಗೇ ಹೋಗುತ್ತಿತ್ತು. ವಾರಕ್ಕೊಮ್ಮೆ ಗುಡ್ಡ ಹತ್ತುವವರಿಗೆ ಇದೇ ಸಾಕು, ಚಾರ್ಜ್ ಆಗುವ ಸೆಲ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ನಮಗೆ ತಿಂಗಳಿಗೆ ಹದಿನೈದು ರಾತ್ರಿ ಬೇಕಲ್ವಾ?

ಆ ಲೈಟು ಒಂದು ಉಪಕಾರ ಮಾಡಿತು. ಸೆಲ್ ಮುಗಿಯುತ್ತಾ ಬಂದ ರಾತ್ರಿಗಳಲ್ಲಿ ಬೆಳಕು ಅರ್ಧಕ್ಕಿಂತ ಕಮ್ಮಿ ಇರುತ್ತಿತ್ತು, ಕೆಲಸ ಮಾತ್ರ ಚೆನ್ನಾಗಿ ಆಗುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಆಲೋಚನೆ ಬಂತು. ನಾನು ನೋಡುವುದು ಒಂದೂವರೆ ಅಡಿ ದೂರದ ತೊಗಟೆ. ಅದಕ್ಕೆ ಗುಡ್ಡದ ಆಚೆ ಬೀಳುವ ಬೆಳಕು ಯಾಕೆ? ಎರಡು ಪಾಲು ದೂರ ಬೀಳಬೇಕಾದರೆ ನಾಲ್ಕು ಪಾಲು ಬೆಳಕು ಸುಡಬೇಕು. ಆ ದುಡ್ಡೂ ಭಾರವೂ ಸುಮ್ನೆ ತಲೆ ಮೇಲೆ ಹೊತ್ತುಕೊಂಡು ತಿರುಗುವುದು.

ಹಾಗೆ ನಾನೇ ಮಾಡಲು ಕೂತೆ. ಮೊದಲ ಎರಡು ಕೆಟ್ಟವು, ಐನೂರು ಹೋಯಿತು. ಒಂದರಲ್ಲಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಸೆಲ್ ಹಾಕಿದ್ದೆ. ಚಾರ್ಜಿಗಿಟ್ಟಾಗ ಮುಟ್ಟಲಾಗದಷ್ಟು ಬಿಸಿಯಾಯಿತು. ಮನೆಯವಳು ನೋಡಿ ಪ್ಲಗ್ ಎಳೆದು ಅಂಗಳಕ್ಕೆ ಬಿಸಾಡಿದಳು. ಅವಳು ಮಾಡಿದ್ದು ಸರಿ. ಪೂರ್ತಿ ಸತ್ತು ಎರಡೂವರೆ ವೋಲ್ಟಿಗಿಂತ ಕೆಳಗೆ ಇಳಿದ ಲಿಥಿಯಂ ಸೆಲ್ಲಿಗೆ ಮತ್ತೆ ಜೀವ ಕೊಡಲು ಹೋಗಬಾರದು. ಈಗ ರಕ್ಷಣೆಯ ಸರ್ಕಿಟ್ ಇರುವ ಒಳ್ಳೆಯ ಸೆಲ್ಲನ್ನೇ ತರಿಸುತ್ತೇನೆ. ಚಾರ್ಜಿಗೆ ಇಡುವುದು ಹಗಲು, ಎದುರಿಗೆ ನಾನಿರುವಾಗ, ಸಿಮೆಂಟು ನೆಲದ ಮೇಲೆ.

ಮೂರನೆಯ ಸಲ ಸರಿಯಾಯಿತು. ತಲೆಯಲ್ಲಿ ಇರುವುದು ಎಲ್‌ಇಡಿ, ಅದರ ಹಿಂದೆ ಸಣ್ಣ ಅಲ್ಯೂಮಿನಿಯಂ ತುಂಡು, ಅಷ್ಟೇ. ಐವತ್ತು ಗ್ರಾಮಿನ ಸುತ್ತ. ಸೆಲ್ ಸೊಂಟದ ಚೀಲದಲ್ಲಿ, ನಡುವೆ ಒಂದು ವಯರು, ಅಂಗಿಯ ಒಳಗಿಂದ. ಎಲ್‌ಇಡಿ ಹಳದಿ, 3000 ಕೆಲ್ವಿನಿನದ್ದು (ಬೆಳಕಿನ ಬಣ್ಣದ ಅಳತೆ), ಸಿಆರ್‌ಐ 90ಕ್ಕಿಂತ ಮೇಲಿನದ್ದು. ಈ ಸಿಆರ್‌ಐ ಅಂದರೆ ಬಣ್ಣ ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಲೆಕ್ಕ. ಲ್ಯೂಮೆನ್ ನೋಡುವ ಮೊದಲು ಇದನ್ನು ನೋಡಿ. ಹೊರಗಿನ ಗಡಸು ತೊಗಟೆಯ ಕಂದು, ಒಳಗೆ ಹೋದ ಹಾಗೆ ಮೆತ್ತಗಾಗುವ ತಿಳಿ ಬಣ್ಣ, ಎರಡೂ ಈಗ ಬೇರೆ ಬೇರೆಯಾಗಿ ಕಾಣುತ್ತವೆ. ಅಗ್ಗದ ಬಿಳಿ ಲೈಟಿನಲ್ಲಿ ಎರಡೂ ಬೂದಿಯ ಹಾಗೆ ಒಂದೇ ಬಣ್ಣ.

ಬೆಳಕು ನೂರು ಲ್ಯೂಮೆನ್ ಇರಬಹುದು. 3000 ಎಂಎಎಚ್ ಸೆಲ್ ಒಂದು ಚಾರ್ಜಿಗೆ ಎರಡು ರಾತ್ರಿ ಧಾರಾಳ ಬರುತ್ತದೆ. ಖರ್ಚು ಸೆಲ್ಲೂ ಸೇರಿ 750ರ ಒಳಗೆ.

ಅದಕ್ಕಿಂತ ದೊಡ್ಡ ಸಂಗತಿ ಲೈಟು ಇರುವ ಜಾಗ. ಎಲ್ಲರೂ ಹಣೆಯ ಮಧ್ಯೆ ಕಟ್ಟುತ್ತಾರೆ. ಕಣ್ಣಿನ ನೇರಕ್ಕೇ ಬೆಳಕು ಹೋದರೆ ನಮಗೆ ನೆರಳು ಕಾಣುವುದಿಲ್ಲ. ನೆರಳಿಲ್ಲದಿದ್ದರೆ ಆಳ ತಿಳಿಯುವುದಿಲ್ಲ, ಚಾಲು ಗೋಡೆಗೆ ಎಳೆದ ಗೆರೆಯ ಹಾಗೆ ಚಪ್ಪಟೆ. ನಾನು ಎಡಗಿವಿಯ ಮೇಲೆ, ಸ್ವಲ್ಪ ಮುಂದಕ್ಕೆ ಸರಿಸಿದೆ. ಅಡ್ಡದಿಂದ ಬೆಳಕು ಬಿದ್ದ ತಕ್ಷಣ ಚಾಲಿನ ಮೇಲಂಚಿನ ನೆರಳು ಒಳಗೆ ಬಿತ್ತು. ಕತ್ತಿ ಆಳಕ್ಕೆ ಹೋದ ಹಾಗೆ ನೆರಳು ದಪ್ಪವಾಗುತ್ತದೆ. ಈಗ ನಾನು ನೋಡುವುದು ಆ ನೆರಳಿನ ಗೆರೆಯನ್ನೇ. ನನಗೆ ಎಡ ಸರಿ, ನಿಮ್ಮ ಕೈಯ ನೆರಳು ಯಾವ ಬದಿಗೆ ಬೀಳುತ್ತದೆ ನೋಡಿ ಇಟ್ಟುಕೊಳ್ಳಿ.

ಎಲ್‌ಇಡಿಯ ಮೇಲೆ ಬೆಳಕು ಹರಡಲು ಒಂದು ಸಣ್ಣ ಮುಚ್ಚಳ ಅಂಟಿಸಿದ್ದೇನೆ. ಅದು ಯಾವುದರ ಮುಚ್ಚಳ, ಒಳಗೆ ಎಂತ ಬಳಿದಿದ್ದೇನೆ ಅಂತ ಬರೆಯುವುದಿಲ್ಲ. ಏಳೆಂಟು ವಸ್ತು ನೋಡಿ ಸಿಕ್ಕಿದ್ದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಲೆಕ್ಕ ಕೇಳಿದರೆ, ಮೊದಲು ನಾಲ್ಕು ಗಂಟೆ ಹಿಡಿಯುತ್ತಿದ್ದ ಸಾಲುಗಳು ಈಗ ಮೂರೂಕಾಲಿಗೆ ಮುಗಿಯುತ್ತವೆ. ಹದಿನೇಳು ಹದಿನೆಂಟು ಶೀಟು (ಹಾಲು ಹೆಪ್ಪುಗಟ್ಟಿಸಿ ಮಾಡುವ ರಬ್ಬರ್ ಹಾಳೆ) ಆಗುತ್ತಿದ್ದಲ್ಲಿ ಹತ್ತೊಂಬತ್ತು ಇಪ್ಪತ್ತು ಆಗುತ್ತದೆ. ಹೋದ ವರ್ಷ ಪೂರ್ತಿಯಲ್ಲಿ ಗಾಯ ಆದದ್ದು ಎರಡೇ ಮರಕ್ಕೆ. ಇಪ್ಪತ್ತು ವರ್ಷ ಕತ್ತಿ ಹಿಡಿದವರೊಬ್ಬರು ನೋಡಿ, “ಇದು ರಾತ್ರಿ ಕೆತ್ತಿದ್ದಾ ಅಣ್ಣೇ?” ಅಂತ ಕೇಳಿದರು. ನನಗೆ ಅಷ್ಟು ಸಾಕು.

ಕೆಂಪು ಬೆಳಕನ್ನೂ ನೋಡಿದ್ದೇನೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಬಿಳಿ ಬೆಳಕು ಬಿದ್ದರೆ ಹಾಳಾಗುತ್ತದೆ, ಮತ್ತೆ ಸರಿಯಾಗಲು ಅರ್ಧ ಗಂಟೆಯಾದರೂ ಬೇಕು. ಕೆಂಪಿಗೆ ಹಾಗಾಗುವುದು ಕಮ್ಮಿ. ನಕ್ಷತ್ರ ನೋಡುವವರಿಗೆ ಒಳ್ಳೆಯದು. ಟ್ಯಾಪಿಂಗಿಗೆ ಮಾತ್ರ ಬೇಡವೇ ಬೇಡ. ತೊಗಟೆಯ ಬಣ್ಣ ಎಲ್ಲ ಒಂದೇ ಆಗುತ್ತದೆ. ಬೆರಳು ಕೊಯ್ದು ರಕ್ತ ಬಂದದ್ದು ನನಗೆ ಕಾಣಲೇ ಇಲ್ಲ, ಕೈ ಅಂಟಿದಾಗ ಹಾಲು ಅಂದುಕೊಂಡೆ. ಅಡಕೆ ತೋಟಕ್ಕೆ ಹಂದಿ ಬಂದಿದೆಯಾ ಅಂತ ನೋಡಲು ಈಗ ಕೆಂಪು ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಳೆಹಾತೆಯ (ಮೊದಲ ಮಳೆಗೆ ಏಳುವ ರೆಕ್ಕೆಯ ಗೆದ್ದಲು) ಪ್ರಯೋಗ. ಮೊದಲ ಮಳೆಯ ಸಂಜೆ ಜಗಲಿಯ ಒಂದು ತುದಿಗೆ ಬಿಳಿ ಲೈಟು, ಇನ್ನೊಂದು ತುದಿಗೆ ನನ್ನ ಹಳದಿ, ಎರಡರ ಅಡಿಗೂ ನೀರು ತುಂಬಿದ ಪರಾತ. ಅರ್ಧ ಗಂಟೆಗೆ ಬಿಳಿಯ ಅಡಿಯ ಪರಾತದಲ್ಲಿ ನೀರೇ ಕಾಣದಷ್ಟು ಹಾತೆ. ಹಳದಿಯದರಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಹುಳಗಳನ್ನು ಎಳೆಯುವುದು ಬೆಳಕಿನ ನೀಲಿ ಅಂಶ, ಹಳದಿಯಲ್ಲಿ ಅದು ಕಮ್ಮಿ. ಮಳೆ ಶುರುವಾದ ಮೇಲೂ ರೈನ್‌ಗಾರ್ಡ್ (ಚಾಲಿಗೆ ಮಳೆನೀರು ಇಳಿಯದ ಹಾಗೆ ಮರಕ್ಕೆ ಕಟ್ಟುವ ಹೊದಿಕೆ) ಹಾಕಿ ಟ್ಯಾಪಿಂಗ್ ಮಾಡುವವರಿಗೆ, ಕಣ್ಣಿಗೂ ಬಾಯಿಗೂ ಹಾತೆ ಅಷ್ಟು ನುಗ್ಗುವುದಿಲ್ಲ ಅನ್ನುವುದೇ ದೊಡ್ಡ ಲಾಭ. ಸೊಳ್ಳೆಗೆ ಮಾತ್ರ ಇದರಿಂದ ಉಪಯೋಗ ಇಲ್ಲ. ಅದು ಬರುವುದು ನಮ್ಮ ಉಸಿರು, ಬೆವರಿನ ವಾಸನೆಗೆ.

ಮಂಜು ಬಿದ್ದ ದಿನ ನಡೆಯುವಾಗ ಲೈಟನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿ. ಹಣೆಯಲ್ಲಿದ್ದರೆ ಮಂಜಿನ ಹನಿಗೆ ಬಡಿದ ಬೆಳಕು ವಾಪಸ್ ನಮ್ಮ ಕಣ್ಣಿಗೇ ಬಂದು ಎದುರು ಬಿಳಿ ಗೋಡೆ ನಿಲ್ಲುತ್ತದೆ. ಸೊಂಟದಲ್ಲಿದ್ದರೆ ದಾರಿ ಕಾಣುತ್ತದೆ. ಕಲ್ಲಿಗೂ ಬೇರಿಗೂ ಉದ್ದ ನೆರಳು ಬೀಳುತ್ತದೆ, ಒಣ ಎಲೆಯ ಮೇಲೆ ಸುತ್ತಿ ಮಲಗಿದ ಹಾವಿಗೂ. ಹಣೆಯಲ್ಲಿದ್ದಾಗ ಮಾತ್ರ ಕಾಣುವ ಒಂದು ಚಂದವೂ ಉಂಟು. ನೆಲದ ಮೇಲಿನ ಜೇಡಗಳ ಕಣ್ಣು ಹಸಿರು ಹನಿಯ ಹಾಗೆ ಮಿನುಗುತ್ತವೆ. ಲೈಟು ಸೊಂಟಕ್ಕೆ ಇಳಿಸಿದರೆ ಎಲ್ಲ ಮಾಯ. ಆ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುವಂಥದ್ದು, ಕಣ್ಣು ಲೈಟಿನ ಪಕ್ಕ ಇದ್ದರೆ ಮಾತ್ರ ಸಿಗುತ್ತದೆ. ಮಗಳಿಗೆ ತೋರಿಸಿದ ರಾತ್ರಿ ಅವಳು ಒಳಗೆ ಬರಲು ಒಪ್ಪಲೇ ಇಲ್ಲ.

ಸುರಂಗಕ್ಕೆ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಗುಹೆ) ಹೋಗುವವರಿಗೆ ಒಂದು ಮಾತು. ನಮ್ಮ ಮನೆಗೆ ನೀರು ಬರುವುದು ಹಿಂದಿನ ಗುಡ್ಡದ ಸುರಂಗದಿಂದ. ವರ್ಷಕ್ಕೊಮ್ಮೆ ಮಣ್ಣು ತೆಗೆಯಲು ಒಳಗೆ ಹೋಗಬೇಕು. ಬಗ್ಗಿ ನಡೆಯುವ ಜಾಗದಲ್ಲಿ ಹಗುರ ಲೈಟು ಬಹಳ ಅನುಕೂಲ. ಆದರೆ ಮೊಂಬತ್ತಿಯನ್ನು ಬಿಟ್ಟು ಹೋಗಬೇಡಿ. ಹಿಂದಿನವರು ದೀಪ ಹಿಡಿದು ಹೋಗುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ಒಳಗೆ ಗಾಳಿ ಕೆಟ್ಟಿದ್ದರೆ ಜ್ವಾಲೆ ಕುಗ್ಗುತ್ತದೆ, ಆರುತ್ತದೆ, ಆಗ ಹೊರಗೆ ಓಡಬೇಕು. ಎಲ್‌ಇಡಿ ಗಾಳಿ ಇಲ್ಲದಿದ್ದರೂ ಉರಿಯುತ್ತಲೇ ಇರುತ್ತದೆ, ನಮಗೆ ಏನೂ ಹೇಳುವುದಿಲ್ಲ. ಅಡ್ಯನಡ್ಕದ ಹತ್ತಿರ ಅಮೈಯಲ್ಲಿ ಒಬ್ಬರೇ ಸುರಂಗ ಕೊರೆದು ಗುಡ್ಡ ಹಸಿರು ಮಾಡಿದ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ವಾ, ಅವರ ಕಾಲದಲ್ಲಿ ಇಂಥ ಲೈಟೆಲ್ಲಿತ್ತು? ನನ್ನ ಲೈಟು ಕಟ್ಟಿಕೊಂಡು ಒಳಗೆ ಹೋಗುವಾಗೆಲ್ಲ ಅವರ ನೆನಪಾಗುತ್ತದೆ.

ಇನ್ನೂ ಸರಿಯಾಗದ್ದು ಪಟ್ಟಿ. ಎಲಾಸ್ಟಿಕ್ ಬೆವರಿಗೆ ನಾಲ್ಕು ತಿಂಗಳಲ್ಲಿ ಸಡಿಲವಾಗಿ, ಲೈಟು ಹುಬ್ಬಿಗೆ ಜಾರುತ್ತದೆ. ಸೈಕಲ್ ಟ್ಯೂಬ್ ಕೊಯ್ದು ಹಾಕಿದೆ, ಹಣೆ ತುರಿಸಿತು. ಈಗ ಹಳೆಯ ಬೈರಾಸಿನ (ಟವೆಲ್) ಅಂಚು ಹೊಲಿದು ನೋಡುತ್ತಿದ್ದೇನೆ. ಭಾವನಿಗೆ ಮಾಡಿಕೊಟ್ಟ ಲೈಟಿಗೂ ಅದನ್ನೇ ಹಾಕಿದ್ದು. ಹದಿನೈದು ದಿನ ಬಿಟ್ಟು ಬಂದು, “ಪಟ್ಟಿ ಅಡ್ಡಿಲ್ಲ, ವಯರು ಅರ್ಧ ಅಡಿ ಉದ್ದ ಬೇಕಿತ್ತು ಭಾವ, ಬಗ್ಗುವಾಗ ಎಳೆಯುತ್ತದೆ” ಅಂದರು. ಇವತ್ತು ಸಂಜೆ ಅದನ್ನು ಬಿಚ್ಚಿ ಕೂತಿದ್ದೇನೆ.