ಮೊದಲ ಬಾರಿ ರಂಜಾನ್ ರೋಜಾ ಹಿಡಿಯುವವರಿಗೆ

ಮೊದಲ ಎರಡು ಮೂರು ದಿನ ಮಧ್ಯಾಹ್ನ ತಲೆ ಸಿಡಿಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ಚಹಾ ತಪ್ಪಿದ್ದರಿಂದ. ದಿನಕ್ಕೆ ನಾಲ್ಕೈದು ಲೋಟ ಚಹಾ ಕಾಫಿ ಕುಡಿಯುವವರು ರಂಜಾನಿಗೆ ಹತ್ತು ದಿನ ಮುಂಚೆಯೇ, ಶಾಬಾನ್ ತಿಂಗಳಲ್ಲೇ, ಎರಡು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡುತ್ತ ಬರಬೇಕು. ಮೊದಲು ಬಿಡಬೇಕಾದದ್ದು ಬೆಳಗ್ಗೆ ಹನ್ನೊಂದರ ಚಹಾ.

ಇನ್ನು ಹೊತ್ತಿನ ಲೆಕ್ಕ. ರೋಜಾ ಶುರುವಾಗುವುದು ಸೂರ್ಯ ಹುಟ್ಟಿದಾಗ ಎಂದು ತಿಳಿದವರಿದ್ದಾರೆ. ಅದು ತಪ್ಪು. ಕಪ್ಪು ದಾರದಿಂದ ಬೆಳಗಿನ ಬಿಳಿ ದಾರ ಬೇರೆಯಾಗಿ ಕಾಣುವವರೆಗೆ ಉಣ್ಣಿ, ಕುಡಿಯಿರಿ, ಆಮೇಲೆ ರಾತ್ರಿಯವರೆಗೆ ಉಪವಾಸ ಪೂರ್ತಿಗೊಳಿಸಿ ಎನ್ನುತ್ತದೆ ಕುರ್‌ಆನ್ (2:187). ಅಂದರೆ ಫಜ್ರ್, ನಸುಕಿನ ನಮಾಜಿನ ಹೊತ್ತು, ಹುಟ್ಟಿದೊಡನೆ ಬಾಯಿ ಕಟ್ಟಬೇಕು. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ, ಸಹ್ರಿ (ರೋಜಾಕ್ಕೆ ಮುಂಚಿನ ನಸುಕಿನ ಊಟ) ಮುಗಿಯುವುದು ಐದೂಕಾಲಿನ ಆಸುಪಾಸಿಗೆ. ಸಂಜೆ ಆರೂವರೆಗೆ ಸೂರ್ಯ ಮುಳುಗುತ್ತಾನೆ. ಒಟ್ಟು ಹದಿಮೂರು ಗಂಟೆಗೆ ತುಸು ಹೆಚ್ಚು. ಹಿಜರಿ ತಿಂಗಳು ಚಂದ್ರನನ್ನು ನೋಡಿ ನಡೆಯುವುದರಿಂದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಹಾಗಾಗಿ ರೋಜಾ ಹಿಡಿಯುವ, ಬಿಡುವ ಹೊತ್ತು ಬರೆದ ಹೋದ ವರ್ಷದ ಕಾರ್ಡು ಈ ವರ್ಷಕ್ಕೆ ಆಗದು. ಬೇರೆ ಊರಿನ ಕಾರ್ಡೂ ಆಗದು. ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ಬೆಂಗಳೂರಿಗಿಂತ ಸುಮಾರು ಹತ್ತು ನಿಮಿಷ ತಡ. ಮೊಬೈಲಿನಲ್ಲಿ ಬೆಂಗಳೂರಿನ ಬಾಂಗ್ (ನಮಾಜಿನ ಕರೆ) ಕೇಳಿ ಮಂಗಳೂರಿನಲ್ಲಿ ಖರ್ಜೂರ ಬಾಯಿಗಿಟ್ಟರೆ ಇಡೀ ದಿನದ ರೋಜಾ ಕೊನೆಯ ಹತ್ತು ನಿಮಿಷದಲ್ಲಿ ಹೋಯಿತು. ನಿಮ್ಮ ಮೊಹಲ್ಲಾದ ಮಸೀದಿಯ ಕಾರ್ಡನ್ನೇ ಅಡುಗೆಮನೆಯ ಗೋಡೆಗೆ ಅಂಟಿಸಿ.

ನಿಯ್ಯತ್ ಎಂದರೆ ನಾಳೆ ಅಲ್ಲಾಹನಿಗಾಗಿ ರೋಜಾ ಇರುತ್ತೇನೆ ಎಂಬ ಮನಸ್ಸಿನ ಸಂಕಲ್ಪ. ಅರಬ್ಬಿ ವಾಕ್ಯ ಬಾಯಿಪಾಠ ಬರದಿದ್ದರೂ ಅಡ್ಡಿಯಿಲ್ಲ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಒಳನಾಡಿನ ಹೆಚ್ಚಿನವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ರಾತ್ರಿ ಮರೆತವರು ಏನೂ ತಿನ್ನದೆ ಇದ್ದರೆ ಮಧ್ಯಾಹ್ನಕ್ಕೆ ಮೊದಲು ನಿಯ್ಯತ್ ಮಾಡಬಹುದು. ಕರಾವಳಿಯ ಬ್ಯಾರಿ, ನವಾಯತರಲ್ಲಿ ರೂಢಿಯಿರುವ ಶಾಫಿ ಪದ್ಧತಿಯಲ್ಲಿ ಪ್ರತಿ ರಾತ್ರಿ, ಫಜ್ರ್‌ಗೆ ಮೊದಲೇ ಆಗಬೇಕು. ರಂಜಾನ್ ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ಬಂದು ಮಲಗುವಾಗಲೇ ಮಾಡಿಬಿಟ್ಟರೆ ಮರೆಯುವ ಭಯವಿಲ್ಲ.

ಸಹ್ರಿ ತಪ್ಪಿಸಬೇಡಿ. ಅದರಲ್ಲಿ ಬರಕತ್ (ದೇವರ ಕೃಪೆ) ಇದೆ ಎಂದು ಪ್ರವಾದಿಯವರು ಹೇಳಿದ್ದಾರೆ. ನಡುರಾತ್ರಿಗೇ ತಿಂದು ಮಲಗಿದವರ ಮಧ್ಯಾಹ್ನ ಮೂರು ಗಂಟೆಯ ಮುಖ ನೋಡಿದರೆ ಅದು ಎಷ್ಟು ನಿಜ ಎಂದು ಗೊತ್ತಾಗುತ್ತದೆ. ಹೊತ್ತು ಮುಗಿಯಲು ಮುಕ್ಕಾಲು ಗಂಟೆ ಇರುವಾಗ ಏಳಿ. ರಾಗಿಮುದ್ದೆಯೋ ಜೋಳದ ರೊಟ್ಟಿಯೋ ಚಪಾತಿಯೋ, ಜೊತೆಗೆ ಬೇಳೆ ಅಥವಾ ಮೊಟ್ಟೆ, ಕೊನೆಗೊಂದು ಬಟ್ಟಲು ಮೊಸರು, ಒಂದು ಬಾಳೆಹಣ್ಣು. ರಾತ್ರಿಯ ಬಿರಿಯಾನಿ ಬಿಸಿ ಮಾಡಿ ಉಪ್ಪಿನಕಾಯಿ ಹಪ್ಪಳದ ಜೊತೆ ತಿಂದರೆ ಹತ್ತು ಗಂಟೆಗೇ ನಾಲಿಗೆ ಒಣಗುತ್ತದೆ, ಅಷ್ಟೂ ಉಪ್ಪಿನ ಕೆಲಸ. ಕೊನೆಯ ಐದು ನಿಮಿಷದಲ್ಲಿ ಒಂದು ಲೀಟರ್ ನೀರು ಸುರಿದುಕೊಳ್ಳುವುದೂ ವ್ಯರ್ಥ, ಗಂಟೆಯೊಳಗೆ ಮೂತ್ರವಾಗಿ ಹೋಗುತ್ತದೆ. ಸಂಜೆ ರೋಜಾ ಬಿಡುವ ಇಫ್ತಾರಿನಿಂದ ಸಹ್ರಿಯವರೆಗೆ ಗಂಟೆಗೊಂದು ಲೋಟದಂತೆ ಎರಡು, ಎರಡೂವರೆ ಲೀಟರ್ ಹಂಚಿ ಕುಡಿಯಿರಿ.

ರೋಜಾ ಇರುವುದನ್ನು ಮರೆತು ತಿಂದರೆ ಅದು ಮುರಿಯದು. ಅಲ್ಲಾಹನೇ ಉಣಿಸಿದ ಎಂದು ತಿಳಿದು, ನೆನಪಾದ ಕ್ಷಣ ಬಾಯಲ್ಲಿರುವುದನ್ನು ಉಗಿದು ಮುಂದುವರಿಯಿರಿ. ತಾನಾಗಿ ಬಂದ ವಾಂತಿ, ರಕ್ತ ಪರೀಕ್ಷೆ, ಕಣ್ಣಿಗೆ ಹನಿ ಹಾಕುವುದು, ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜುವುದು, ಸ್ನಾನ ಇವುಗಳಿಂದಲೂ ಮುರಿಯದು. ಬೀಡಿ ಸಿಗರೇಟಿನಿಂದ ಮುರಿಯುತ್ತದೆ, ಬೇಕೆಂದೇ ಮಾಡಿಕೊಂಡ ವಾಂತಿಯಿಂದಲೂ. ಎಡವುವುದು ಹೆಚ್ಚಾಗಿ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜೂ ಮಾಡುವಾಗ: ಬಾಯಿ ಮುಕ್ಕಳಿಸಿ ಉಗುಳಿ ಸಾಕು, ಗಂಟಲವರೆಗೆ ಗಳಗಳ ಮಾಡಬೇಡಿ, ಮೂಗಿಗೆ ನೀರನ್ನು ಜೋರಾಗಿ ಎಳೆಯಬೇಡಿ.

ಹಸಿವು ನಾಲ್ಕನೇ ದಿನಕ್ಕೆ ಪಳಗುತ್ತದೆ. ನಾಲಿಗೆ ಪಳಗುವುದು ಕಷ್ಟ. ಸುಳ್ಳು ಮಾತನ್ನೂ ಸುಳ್ಳು ನಡೆಯನ್ನೂ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಎಂಬ ಹದೀಸ್ (ಪ್ರವಾದಿಯವರ ನುಡಿ) ಇದೆ. ಉಪವಾಸದ ತಿರುಳೇ ಇದು. ಇಳಿಹೊತ್ತಿನ ಅಸರ್ ನಮಾಜಿನಿಂದ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್‌ವರೆಗಿನ ಹೊತ್ತಿನಲ್ಲಿ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ವ್ಯಾಪಾರದ ಚೌಕಾಸಿ, ಮನೆಯ ಲೆಕ್ಕಪತ್ರದ ಮಾತು, ಹಳೆಯ ತಕರಾರು ಯಾವುದನ್ನೂ ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಯಾರಾದರೂ ಜಗಳಕ್ಕೆ ಬಂದರೆ ‘ನಾನು ರೋಜಾ ಇದ್ದೇನೆ’ ಎನ್ನಿ. ಅದೂ ಪ್ರವಾದಿಯವರೇ ಕಲಿಸಿದ ಮಾತು.

ಸೂರ್ಯ ಮುಳುಗಿದ ಮೇಲೆ ತಡಮಾಡಬೇಡಿ. ಒಂದೋ ಮೂರೋ ಖರ್ಜೂರ, ಇಲ್ಲದಿದ್ದರೆ ನೀರು. ಆಮೇಲೆ ಮಗ್ರಿಬ್ ನಮಾಜ್, ಅದಾದ ಮೇಲೆ ಊಟ. ನಡುವಿನ ಆ ಹತ್ತು ನಿಮಿಷ ಹೊಟ್ಟೆಗೆ ದೊಡ್ಡ ಉಪಕಾರ. ಖಾಲಿ ಹೊಟ್ಟೆಗೆ ಮೊದಲು ಸಮೋಸ, ಪಕೋಡ ಹೋದರೆ ತರಾವೀಹ್‌ನಲ್ಲಿ ನಿಂತಾಗ ಎದೆ ಉರಿಯುತ್ತದೆ. ಅದಕ್ಕಿಂತ ಗಂಜಿ ಮೇಲು. ಐದು ಜನಕ್ಕೆ ಅಕ್ಕಿ ನುಚ್ಚು ಒಂದು ಲೋಟ, ಹೆಸರುಬೇಳೆ ಕಾಲು ಲೋಟ, ಮೆಂತ್ಯ ಅರ್ಧ ಚಮಚ, ನೀರು ಎಂಟು ಲೋಟ. ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಪುದೀನ ಹುರಿದು, ಬೇಕಿದ್ದರೆ 100 ಗ್ರಾಂ ಖೀಮಾ ಸೇರಿಸಿ, ಎಲ್ಲವನ್ನೂ ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ಮೆಂತ್ಯ ಒಂದು ಚಮಚ ದಾಟಿದರೆ ಪಾತ್ರೆಯೆಲ್ಲ ಕಹಿ. ತೆಂಗಿನ ಹಾಲನ್ನು ಉರಿ ಆರಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯುತ್ತದೆ. ಒಲೆಯ ಮೇಲೆ ತೆಳ್ಳಗಿದೆ ಅನಿಸಬೇಕು, ಆರುವಷ್ಟರಲ್ಲಿ ಗಟ್ಟಿಯಾಗುತ್ತದೆ.

ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ತನಗೋ ಮಗುವಿಗೋ ತೊಂದರೆಯಾಗುವ ಭಯವಿರುವ ಗರ್ಭಿಣಿ, ಬಾಣಂತಿಯರಿಗೆ ರೋಜಾ ಮುಂದೂಡುವ ಅನುಮತಿ ಇದೆ. ಮುಟ್ಟಿನ ದಿನಗಳಲ್ಲಿ ರೋಜಾ ಇರುವಂತಿಲ್ಲ. ತಪ್ಪಿದ ರೋಜಾಗಳನ್ನು ಆಮೇಲೆ ಖಜಾ ಮಾಡಬೇಕು, ಅಂದರೆ ಬೇರೆ ದಿನ ಇದ್ದು ತೀರಿಸಬೇಕು. ಸಕ್ಕರೆ ಕಾಯಿಲೆಯವರು ರಂಜಾನಿಗೆ ಮುಂಚೆಯೇ ವೈದ್ಯರ ಹತ್ತಿರ ಮಾತ್ರೆ, ಇನ್ಸುಲಿನ್ ಪ್ರಮಾಣ ಬದಲಿಸಿಕೊಳ್ಳಬೇಕು. ಹಗಲಲ್ಲಿ ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯದು, ಆ ಹೆದರಿಕೆಯಿಂದ ನೋಡದೇ ಇರುವುದೇ ಅಪಾಯ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, 300 ದಾಟಿದರೆ ಅಥವಾ ಕೈ ನಡುಗಿ ಬೆವರು ಕಿತ್ತುಕೊಂಡರೆ ಆ ಕ್ಷಣವೇ ಬಿಡಬೇಕು. ‘ಇನ್ನು ಅರ್ಧ ಗಂಟೆ ತಾನೇ’ ಎಂದು ಕೂರುವುದು ದೀನದಾರಿಯಲ್ಲ (ಧರ್ಮನಿಷ್ಠೆಯಲ್ಲ), ಜೀವ ಉಳಿಸಿಕೊಳ್ಳುವುದೂ ದೀನಿನದೇ ಆಜ್ಞೆ.

ವಾಸಿಯಾಗುವ ಜ್ವರಕ್ಕೆ ಫಿದಿಯಾ ಕೊಟ್ಟು ಕೈ ತೊಳೆದುಕೊಳ್ಳುವವರಿದ್ದಾರೆ. ಅದು ನಡೆಯದು, ಆ ದಿನಗಳನ್ನು ಖಜಾ ಮಾಡಲೇಬೇಕು. ಫಿದಿಯಾ ಇರುವುದು ಇನ್ನು ಮುಂದೆ ರೋಜಾ ಇರಲಾರದ ವೃದ್ಧರಿಗೆ, ವಾಸಿಯಾಗದ ಕಾಯಿಲೆಯವರಿಗೆ: ತಪ್ಪಿದ ಒಂದೊಂದು ದಿನಕ್ಕೂ ಒಬ್ಬ ಬಡವರ ಊಟ. ಖಜಾ ಬಾಕಿ ಇರುವವರು ಎಷ್ಟು ದಿನ ಎಂಬುದನ್ನು ಅದೇ ಸಹ್ರಿ ಕಾರ್ಡಿನ ಹಿಂದೆ ಬರೆದಿಡಿ. ಒಂದೊಂದನ್ನೂ ತೀರಿಸಿದಂತೆ ಗೆರೆ ಹೊಡೆಯುತ್ತ, ಮುಂದಿನ ರಂಜಾನ್ ಬರುವ ಮುಂಚೆ ಮುಗಿಸಿ.